ಗೆದ್ದವರೆಲ್ಲ ದೊಡ್ಡವರೇ?

ಚಿತ್ರದುರ್ಗದ ಕೋಟೆ 1779ರಲ್ಲಿ ಹೈದರಾಲಿಯ ವಶವಾಯಿತು. ಕೊನೆಯ ಮದಕರಿನಾಯಕ ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಹೋದವನು ಹಿಂದಿರುಗಲಿಲ್ಲ. ಇಷ್ಟು ದುರ್ಗದ ಮಕ್ಕಳಿಗೂ ಗೊತ್ತು. ಆಮೇಲೆ ನಡೆದದ್ದರ ಬಗ್ಗೆ ನಾವು ಮಾತಾಡುವುದು ಕಡಿಮೆ. ಮೈಸೂರಿನ ಇತಿಹಾಸ ಬರೆದ ವಿಲ್ಕ್ಸ್ ಹೇಳುವಂತೆ, ಈ ಸೀಮೆಯ ಸುಮಾರು 20,000 ಬೇಡರನ್ನು ಹೈದರ್ ಊರು ಬಿಡಿಸಿ ಶ್ರೀರಂಗಪಟ್ಟಣದ ಕಡೆಗೆ ಸಾಗಿಸಿದ. ಅವರಲ್ಲಿನ ಹುಡುಗರನ್ನು ಬೇರ್ಪಡಿಸಿ, ಮತ ಬದಲಿಸಿ, ಚೇಲಾ ಎಂಬ ಪಡೆಗಳನ್ನು ಕಟ್ಟಿದ.

ಇದೇ ಹೈದರ್ ಓದುಬರಹ ಬಾರದವನು, ರಾಜವಂಶದ ಹಿನ್ನೆಲೆ ಇಲ್ಲದವನು. ಮೈಸೂರಿನ ಸೈನ್ಯದಲ್ಲಿ ತನ್ನ ಬಲದಿಂದಲೇ ಮೇಲೆ ಬಂದು ಇಡೀ ರಾಜ್ಯವನ್ನು ಕೈಗೆ ತೆಗೆದುಕೊಂಡ. 1769ರಲ್ಲಿ ಮದರಾಸಿನ ಹೊಸ್ತಿಲವರೆಗೂ ನುಗ್ಗಿ ಇಂಗ್ಲಿಷರನ್ನು ಒಪ್ಪಂದಕ್ಕೆ ಕೂರಿಸಿದ. ಅವನ ಕಾಲದ ಹಿಂದೂಸ್ತಾನದಲ್ಲಿ ಅಂಥ ದಂಡನಾಯಕರು ಎಷ್ಟು ಜನ ಸಿಕ್ಕಾರು? ಆದ್ದರಿಂದಲೇ ನನಗೆ ಅವನ ವಿಷಯ ಮುಖ್ಯ. ಸಣ್ಣ ಮನುಷ್ಯನ ಕ್ರೌರ್ಯದಿಂದ ಯಾವ ವಿಚಾರವೂ ತೀರ್ಮಾನವಾಗುವುದಿಲ್ಲ. ಒಳ್ಳೆಯತನವಿಲ್ಲದೆ ನಾಯಕ ದೊಡ್ಡವನಾಗಬಲ್ಲನೇ ಎಂದು ಕೇಳುವುದಾದರೆ, ನಿಜವಾದ ಸಾಮರ್ಥ್ಯ ಇದ್ದವನನ್ನೇ ಎದುರಿಗಿಟ್ಟುಕೊಂಡು ಕೇಳಬೇಕು.

ಆಳುವವನು ಮೆತ್ತಗಿದ್ದರೆ ನಡೆಯುವುದಿಲ್ಲ, ಕೆಲಸ ಆದರೆ ಸಾಕು, ಮನುಷ್ಯ ಹೇಗಾದರೂ ಇರಲಿ: ಹೊಳಲ್ಕೆರೆಯಿಂದ ಹಿರಿಯೂರಿನವರೆಗೆ ಚುನಾವಣೆಯ ಹೊತ್ತಿನಲ್ಲಿ ಈ ಮಾತು ಕಿವಿಗೆ ಬೀಳುತ್ತದೆ. ಹೇಳುವವರು ಕೆಟ್ಟವರಲ್ಲ. ಒಳ್ಳೆಯವರು ಎನಿಸಿಕೊಂಡು ಏನನ್ನೂ ಮಾಡದೆ ಹೋದವರನ್ನು ನೋಡಿ ಬೇಸತ್ತವರು. ಸಂಗೀತಗಾರನ ನಡತೆ ಕೆಟ್ಟದ್ದಿದ್ದರೂ ಅವನ ತೋಡಿ ರಾಗ ಕೆಡುವುದಿಲ್ಲವಲ್ಲ, ನಾಯಕನನ್ನೂ ಹಾಗೆಯೇ ಅಳೆಯಬಾರದೇಕೆ ಎನ್ನುವುದು ಅವರ ವಾದದ ತಿರುಳು.

ಈ ಹೋಲಿಕೆಯೇ ತಪ್ಪು. ಸಂಗೀತಗಾರನಿಗೆ ಕೆಲಸ ಸ್ವರದೊಂದಿಗೆ, ಸ್ವರಕ್ಕೆ ನೋವಿಲ್ಲ. ನಾಯಕನ ಕೆಲಸವೆಲ್ಲ ನಡೆಯುವುದು ಬೇರೆಯವರ ಬದುಕಿನಲ್ಲಿ, ಅವರ ಹೊಲ, ಮನೆ, ಮಕ್ಕಳ ಮೇಲೆ. ಅವನ ಕ್ರೌರ್ಯ ಕೆಲಸದ ಆಚೆಗಿರುವ ಖಾಸಗಿ ದೋಷವಲ್ಲ, ಕೆಲಸದ ಒಳಗೇ ಕೂತಿರುತ್ತದೆ. ಚೇಲಾ ಪಡೆ ಕಟ್ಟಿದ್ದು ಸೈನ್ಯದ ದೃಷ್ಟಿಯಿಂದ ಜಾಣತನವೇ ಇರಬಹುದು. ಆದರೆ ಆ ಪಡೆ ತಯಾರಾದದ್ದೇ ತಾಯಿ ತಂದೆಯರಿಂದ ಕಿತ್ತ ಹುಡುಗರಿಂದ. ಜಾಣತನಕ್ಕೆ ಒಂದು ಲೆಕ್ಕ, ಕಿತ್ತದ್ದಕ್ಕೆ ಇನ್ನೊಂದು ಲೆಕ್ಕ ಎಂದು ಬೇರೆ ಮಾಡುವುದು ಹೇಗೆ?

ಯಾರಿಗೂ ನೋವಾಗದಂತೆ ಆಳಲು ಸಾಧ್ಯವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಸಾಧ್ಯವಿಲ್ಲ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆ ಅಣೆಕಟ್ಟಿನ ಕೆಲಸ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. ಕೆಲಸ ಹಿಡಿದಾಗ ಮಗ ಚಿಕ್ಕವನಾದ್ದರಿಂದ ಮಹಾರಾಣಿ ಕೆಂಪನಂಜಮ್ಮಣ್ಣಿ ರಾಜಪ್ರತಿನಿಧಿಯಾಗಿ ಆಳುತ್ತಿದ್ದರು. ವಾಣಿವಿಲಾಸ ಸಾಗರ ಎಂಬುದು ಅವರ ಬಿರುದಿನಿಂದ ಬಂದ ಹೆಸರು. 30 ಟಿಎಂಸಿ ನೀರು ನಿಲ್ಲುವ ಕಡೆ ನೆಲ ಮುಳುಗದೆ ಇರುತ್ತದೆಯೇ? ಈ ಬರದ ಸೀಮೆಗೆ ನೀರು ಬಂದದ್ದು ಎಷ್ಟು ನಿಜವೋ, ಮುಳುಗಡೆಯೂ ಅಷ್ಟೇ ನಿಜ. ಆದರೂ ನಾನು ಅದನ್ನು 1779ರ ಸಾಲಿಗೆ ಸೇರಿಸಲಾರೆ. ಒಂದು ಗುಂಟೆಯೂ ಮುಳುಗದೆ ಜಲಾಶಯ ತುಂಬುವಂತಿದ್ದರೆ ಕಟ್ಟಿಸಿದವರು ಸಂತೋಷದಿಂದಲೇ ಒಪ್ಪುತ್ತಿದ್ದರು. ಬೇಡರು ಊರಲ್ಲೇ ಉಳಿದಿದ್ದರೆ ಹೈದರನ ಉದ್ದೇಶವೇ ಈಡೇರುತ್ತಿರಲಿಲ್ಲ. ಅಲ್ಲಿ ನೋವು ಕೆಲಸದ ಜೊತೆಗೆ ಬಂತು. ಇಲ್ಲಿ ನೋವೇ ಕೆಲಸವಾಗಿತ್ತು.

ಈ ಅಳತೆಯನ್ನು ನಮ್ಮವರಿಗೂ ಹಚ್ಚಬೇಕು, ಅಲ್ಲಿ ನಾವು ಹಿಂಜರಿಯುತ್ತೇವೆ. 1763ರಲ್ಲಿ ಹೈದರ್ ಬಿದನೂರಿನ ಮೇಲೆ ದಂಡೆತ್ತಿ ಹೋದಾಗ ಜೊತೆಗೆ ದುರ್ಗದ ಪಡೆಯೂ ಇತ್ತು. ಆ ಪಡೆ ಬಿದನೂರಿನ ಮನೆಗಳಿಗೆ ಹೇಗೆ ಕಂಡಿತೆಂದು ದುರ್ಗದಲ್ಲಿ ನಿಂತು ಕೇಳುವವರು ಯಾರು? ಮದಕರಿಯ ಶೌರ್ಯವನ್ನು ನಾನು ಪ್ರೀತಿಸುತ್ತೇನೆ. ಪ್ರೀತಿ ಇದೆಯೆಂದು ಪ್ರಶ್ನೆಯನ್ನು ಮುಚ್ಚಿಡಲು ಆಗುವುದಿಲ್ಲ. ಸೋತವನೆಂಬ ಮರುಕವೂ ಒಳ್ಳೆಯತನದ ಸಾಕ್ಷಿಯಲ್ಲ.

ಹಾಗಿದ್ದರೆ ನಾಯಕನ ಒಳ್ಳೆಯತನ ಎಲ್ಲಿ ಕಾಣುತ್ತದೆ? ಮಿತವಾದ ಊಟದಲ್ಲಿ, ಸರಳವಾದ ಉಡುಪಿನಲ್ಲಿ ಎಂದು ನಾನು ಹೇಳುವುದಿಲ್ಲ. ಬೇಡ ಎಂದವರನ್ನು ಅವನು ಏನು ಮಾಡಿದ ಎಂಬುದರಲ್ಲಿ ಕಾಣುತ್ತದೆ. ಚಿತ್ರದುರ್ಗದಲ್ಲಿ ವಕೀಲಿಕೆ ಮಾಡಿ, ಏಕೀಕರಣಕ್ಕಾಗಿ ದುಡಿದು, 1956ರಲ್ಲಿ ವಿಶಾಲ ಮೈಸೂರಿನ ಮೊದಲ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರನ್ನು 1962ರ ಚುನಾವಣೆಯಲ್ಲಿ ಹೊಸದುರ್ಗದ ಮತದಾರರು ಸೋಲಿಸಿದರು. ಪಕ್ಷ ಗೆದ್ದಿತ್ತು, ನಾಯಕ ಸೋತಿದ್ದರು. ಎಸ್.ಆರ್. ಕಂಠಿ ಕೆಲವು ತಿಂಗಳು ಮುಖ್ಯಮಂತ್ರಿಯಾಗಿದ್ದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿ ಬಂದ ಮೇಲೆ ಕಂಠಿಯವರು ಕುರ್ಚಿಯನ್ನು ಬಿಟ್ಟುಕೊಟ್ಟರು. ಒಂದು ತಾಲ್ಲೂಕು ಬೇಡವೆಂದವರು ಇನ್ನೊಂದು ಬಾಗಿಲಿನಿಂದ ಬಂದದ್ದು ನನಗೆ ಪೂರ್ತಿ ಸರಿ ಎನಿಸುವುದಿಲ್ಲ. ಆದರೂ ಅವರು ಮತ್ತೆ ಚುನಾವಣೆಯ ದಾರಿಯಿಂದಲೇ ಬಂದರು. ಬೇಡವೆಂದ ಊರುಗಳನ್ನು ಯಾರೂ ಖಾಲಿ ಮಾಡಿಸಲಿಲ್ಲ.

ಅದು ಸಂವಿಧಾನದ ಗುಣ, ಮನುಷ್ಯನದಲ್ಲ ಎನ್ನಬಹುದು. ಅರ್ಧ ಒಪ್ಪುತ್ತೇನೆ. 1969ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿ ನಿಜಲಿಂಗಪ್ಪನವರು ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಹೊರಹಾಕಿದರು. ರಾಜಕೀಯವಾಗಿ ಮುಗಿದುಹೋದವರು ನಿಜಲಿಂಗಪ್ಪನವರೇ. ಇಂದಿರಾ ಗೆದ್ದರು, 1971ರ ಯುದ್ಧದ ನಂತರ ದೇಶ ಅವರನ್ನು ತಲೆಯ ಮೇಲೆ ಹೊತ್ತುಕೊಂಡಿತು. ನಾಲ್ಕು ವರ್ಷ ಕಳೆಯುವುದರೊಳಗೆ, ಇದೇ ಸಂವಿಧಾನದ ಕೆಳಗೆ ಬಂದ ತುರ್ತು ಪರಿಸ್ಥಿತಿಯಲ್ಲಿ, ಬೇಡ ಎಂದವರು ಸಾವಿರ ಸಾವಿರ ಸಂಖ್ಯೆಯಲ್ಲಿ ಜೈಲು ಸೇರಿದರು. ಕಾನೂನು ಅದೇ ಇದ್ದು ನಡೆದದ್ದು ಬೇರೆಯಾದಾಗ, ಆಳುವವರ ಗುಣವನ್ನು ಲೆಕ್ಕದಿಂದ ಹೊರಗಿಡಲು ನನಗೆ ಆಗುತ್ತಿಲ್ಲ. ನಿಜಲಿಂಗಪ್ಪನವರು ಇತಿಹಾಸ ಬದಲಿಸಿದವರ ಸಾಲಿನಲ್ಲಿ ಎಲ್ಲಿ ನಿಲ್ಲುತ್ತಾರೋ, ಅದರ ಬಗ್ಗೆ ವಾದವಿರಲಿ. ಹೊಸದುರ್ಗದವರು ಅವರನ್ನು ಸೋಲಿಸಿಯೂ ನಿರ್ಭಯವಾಗಿ ಬಾಳಿದರು ಎಂಬುದನ್ನು ಅವರ ಸೋಲೆಂದಲ್ಲ, ಸಾಧನೆಗಳಲ್ಲಿ ಒಂದೆಂದು ನಾನು ಎಣಿಸುತ್ತೇನೆ.