ನಮ್ಮ ತಂಡ ಯಾರದು?



ದೇವಾಲಯದ ಹಬ್ಬ ಹತ್ತಿರ ಬಂದಾಗಲೆಲ್ಲ ನಮ್ಮ ಯುವಜನರ ಕೂಟದಲ್ಲಿ ಒಂದು ಮಾತು ಏಳುತ್ತದೆ: "ಈ ಸಲ ಕಬಡ್ಡಿಗೆ ಕನ್ನಡದವರದ್ದೇ ಒಂದು ತಂಡ ಕಟ್ಟೋಣ." ಈ ಮಾತಿನಲ್ಲಿ ಯಾರ ಮೇಲೂ ದ್ವೇಷವಿಲ್ಲ. ತಮಿಳು, ತೆಲುಗು, ಕನ್ನಡ ಮೂರೂ ಇರುವ ಧರ್ಮಪ್ರಾಂತ್ಯದಲ್ಲಿ ನಾವು ಕೆಲವೇ ಮನೆಗಳವರು. ನಮ್ಮದು ಅಂತ ಒಂದಿರಲಿ ಎಂಬ ಆಸೆ ಸಹಜ. ಆದರೆ ಒಂದು ತಂಡವನ್ನು "ನಮ್ಮದು" ಮಾಡುವುದು ಯಾವುದು? ರಕ್ತವೇ, ಭಾಷೆಯೇ, ಒಂದೇ ನೆಲದಲ್ಲಿ ಬಾಳುವುದೇ? ಇದನ್ನು ನಾವು ಕೂತು ಯೋಚಿಸಬೇಕು.

ಐರ್ಲೆಂಡಿನ ಹಳ್ಳಿಗಳು ಈ ಪ್ರಶ್ನೆಗೆ ಒಂದು ಉತ್ತರ ಕೊಟ್ಟಿವೆ. ಅಲ್ಲಿ ಹರ್ಲಿಂಗ್ ಎಂಬ ಹಳೆಯ ಆಟವಿದೆ. ತುದಿ ಅಗಲವಾದ ಮರದ ಕೋಲು, ಚರ್ಮದ ಚಿಕ್ಕ ಚೆಂಡು, ಒಂದೊಂದು ಕಡೆ 15 ಜನ. 1884ರಲ್ಲಿ ಥರ್ಲ್ಸ್ ಎಂಬ ಊರಲ್ಲಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಹುಟ್ಟಿದಾಗ ಕ್ಯಾಶೆಲ್‌ನ ಮಹಾಧರ್ಮಾಧ್ಯಕ್ಷರಾದ ಥಾಮಸ್ ಕ್ರೋಕ್ ಅದರ ಮೊದಲ ಪೋಷಕರಲ್ಲೊಬ್ಬರಾದರು. ಡಬ್ಲಿನ್ ನಗರದ ಕ್ರೋಕ್ ಪಾರ್ಕ್ ಮೈದಾನಕ್ಕೆ ಅವರದೇ ಹೆಸರು. ಹಳ್ಳಿಯ ಕ್ಲಬ್ಬಿನ ಎಲ್ಲೆ ಹೆಚ್ಚಿನ ಕಡೆ ಧರ್ಮಕೇಂದ್ರದ ಎಲ್ಲೆಯೇ. ಎಂಥ ದೊಡ್ಡ ಆಟಗಾರನಿಗೂ ಸಂಬಳವಿಲ್ಲ. ಹುಟ್ಟಿ ಬೆಳೆದ ಊರಿಗೇ ಆಡುವುದು ಅಲ್ಲಿನ ರೂಢಿ. ಕೆಲಸಕ್ಕೆ ಡಬ್ಲಿನ್ ಸೇರಿದವರು ಅಭ್ಯಾಸಕ್ಕೆಂದು ಊರಿಗೆ ಬರುತ್ತಾರೆ, ನಮ್ಮ ಹುಡುಗರು ಬೆಂಗಳೂರು, ಹೊಸೂರಿನಿಂದ ಶನಿವಾರ ರಾತ್ರಿಯ ಬಸ್ಸು ಹಿಡಿದು ಬರುವ ಹಾಗೆ.

ಇದರಲ್ಲಿ ಮುಖ್ಯವಾದ ಸಂಗತಿ ಒಂದಿದೆ. ಅಂಥ ತಂಡದಲ್ಲಿ ಪಕ್ಕದಲ್ಲಿ ಆಡುವವನನ್ನು ಯಾರೂ ಆರಿಸಿಕೊಂಡಿಲ್ಲ. ಅವನ ತಂದೆಗೂ ನಮ್ಮ ತಂದೆಗೂ ಬದುವಿನ ಜಗಳ ಇರಬಹುದು. ಆದರೂ ಚೆಂಡು ಅವನಿಗೇ ಕೊಡಬೇಕು. ಧರ್ಮಕೇಂದ್ರವೂ ಹೀಗೆಯೇ. ಬಲಿಪೂಜೆಯಲ್ಲಿ ಪಕ್ಕದಲ್ಲಿ ಮೊಣಕಾಲೂರುವವರನ್ನು ನಾವು ಆರಿಸಿಕೊಂಡಿಲ್ಲ. ಇಷ್ಟವಾದವರ ಜೊತೆ ಇರುವುದು ಗೆಳೆತನ. ಆರಿಸಿಕೊಳ್ಳದವರನ್ನೂ ನಮ್ಮವರು ಎನ್ನಲು ಕಲಿಯುವುದು ಸಮುದಾಯ.

"ಹಾಗಾದರೆ ಕೊಡವರು ಮಾಡಿದ್ದು ತಪ್ಪೇ?" ಎಂದು ನೀವು ಕೇಳಬಹುದು. ಕೇಳಲೇಬೇಕಾದ ಮಾತು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಆರಂಭಿಸಿದರು. ಮೊದಲ ವರ್ಷ 60 ಕುಟುಂಬಗಳು. 2024ರಲ್ಲಿ ನಾಪೋಕ್ಲಿನಲ್ಲಿ 360. ಅಲ್ಲಿ ತಂಡವೆಂದರೆ ಒಕ್ಕ, ಅಂದರೆ ಮನೆತನ. ಒಂದೇ ತಂಡದಲ್ಲಿ ಹೆಣ್ಣುಮಕ್ಕಳೂ ಹಿರಿಯರೂ ಆಡುತ್ತಾರೆ. ದೂರದ ಊರುಗಳಲ್ಲಿ ಚದುರಿಹೋದ ಸಣ್ಣ ಜನಾಂಗವೊಂದು ವರ್ಷಕ್ಕೊಮ್ಮೆ ಒಟ್ಟಿಗೆ ಸೇರಿ ತನ್ನ ಸಂಬಂಧಗಳನ್ನು ನೆನಪಿಟ್ಟುಕೊಳ್ಳುತ್ತದೆ. ಅಲ್ಪಸಂಖ್ಯಾತರಾದ ನಮಗೆ ಅದರ ಬೆಲೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಹಬ್ಬ ಮುಗಿದ ಮೇಲೆ ಕೊಡಗಿನ ಆಟಗಾರರು ಎಲ್ಲರ ಜೊತೆ ಆಡುತ್ತಾರೆ. 1973ರ ವಿಶ್ವಕಪ್‌ನಲ್ಲಿ ಭಾರತ ತಂಡದ ನಾಯಕರಾಗಿದ್ದ ಎಂ.ಪಿ. ಗಣೇಶ್, 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದ ಎಂ.ಎಂ. ಸೋಮಯ್ಯ ಕೊಡಗಿನವರೇ. ಮನೆಯ ಹಬ್ಬ ಅವರನ್ನು ಮನೆಯೊಳಗೇ ಕೂಡಿಹಾಕಲಿಲ್ಲ.

ಕೂಡಿಹಾಕಿದರೆ ಏನಾಗುತ್ತದೆ ಎಂಬುದಕ್ಕೂ ಐರ್ಲೆಂಡಿನಲ್ಲೇ ಉದಾಹರಣೆ ಇದೆ. ಹರ್ಲಿಂಗ್ ನಡೆಸುವ ಆ ಸಂಘ ತನ್ನ ಸದಸ್ಯರು ಫುಟ್ಬಾಲ್, ರಗ್ಬಿಯಂಥ "ಪರದೇಶಿ" ಆಟ ಆಡಬಾರದು, ನೋಡಲೂಬಾರದು ಎಂದು ನಿಯಮ ಮಾಡಿಕೊಂಡಿತ್ತು. ಡಗ್ಲಸ್ ಹೈಡ್ ಎಂಬವರು ಐರಿಷ್ ಭಾಷೆಯನ್ನು ಉಳಿಸಲೆಂದೇ 1893ರಲ್ಲಿ ಗೇಲಿಕ್ ಲೀಗ್ ಕಟ್ಟಿದವರಲ್ಲಿ ಒಬ್ಬರು. ಮುಂದೆ ದೇಶದ ಅಧ್ಯಕ್ಷರಾದರು. ಅಧ್ಯಕ್ಷರಾಗಿ ಒಂದು ಫುಟ್ಬಾಲ್ ಪಂದ್ಯಕ್ಕೆ ಹೋದರು ಎಂಬ ಕಾರಣಕ್ಕೆ 1938ರಲ್ಲಿ ಅವರನ್ನು ಸಂಘದ ಪೋಷಕ ಸ್ಥಾನದಿಂದ ತೆಗೆದರು. ಭಾಷೆಗಾಗಿ ದುಡಿದವರೇ ಹೊರಗಾದರು! ಆ ನಿಯಮ ಹೋದದ್ದು 1971ರಲ್ಲಿ. ನಮ್ಮದನ್ನು ಕಾಯಲು ಹಾಕಿದ ಬೇಲಿ ಕೆಲವು ಸಲ ನಮ್ಮವರನ್ನೇ ಹೊರಗೆ ನಿಲ್ಲಿಸುತ್ತದೆ.

ಹಾಗೆಂದು ಎಲ್ಲವನ್ನೂ ಬೆರೆಸಿಬಿಡೋಣ ಎಂದು ನಾವು ಹೇಳುವುದಿಲ್ಲ. ಬೆರೆತ ಕಡೆ ಹೆಚ್ಚು ಜನರ ಭಾಷೆ ಗೆಲ್ಲುತ್ತದೆ, ಕಡಿಮೆ ಜನರ ಭಾಷೆ ಸದ್ದಿಲ್ಲದೆ ಹೋಗುತ್ತದೆ. ಬರೀ ಒಳ್ಳೆಯ ಮನಸ್ಸಿನಿಂದ ಭಾಷೆ ಉಳಿಯುವುದಿಲ್ಲ. ಅದಕ್ಕೆ ಅದರದೇ ಹೊತ್ತು, ಅದರದೇ ಜಾಗ ಬೇಕು. ಆದ್ದರಿಂದ ಎರಡು ಬಗೆಯ ವಸ್ತುಗಳನ್ನು ಬೇರ್ಪಡಿಸಿ ನೋಡೋಣ. ನಾವು ಕಾಯದಿದ್ದರೆ ಸಾಯುವಂಥವು ಕೆಲವು: ಕನ್ನಡದ ಪ್ರಾರ್ಥನೆ, ಗಾಯನ, ಮಕ್ಕಳ ಧರ್ಮೋಪದೇಶ, ಅಜ್ಜಿ ಹೇಳಿಕೊಟ್ಟ ಜಪಸರ. ಇವುಗಳಲ್ಲಿ ನಾವು ಹಟ ಹಿಡಿಯಬೇಕು. ನಮಗೆ ಮಾತ್ರ ಎಂದು ಇಟ್ಟುಕೊಂಡರೆ ಸಾಯುವಂಥವು ಇನ್ನು ಕೆಲವು: ಆಟದ ಬಯಲು, ಹಬ್ಬದ ಊಟ, ಕಷ್ಟದಲ್ಲಿ ನೆರವು. ಇವನ್ನು ತೆರೆದಿಡಬೇಕು.

1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಈ ಬಾರಾಮಹಲ್ ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಆಳುವವರು ಬದಲಾದರು, ನೆರೆಹೊರೆ ಉಳಿಯಿತು. ನನ್ನ ನೆರೆಯವನು ಯಾರು ಎಂದು ಕೇಳಿದವನಿಗೆ ಯೇಸುಸ್ವಾಮಿ ಸಮಾರಿಯದವನ ಕಥೆ ಹೇಳಿದರು. ಬೇರೆಯವನು ಎನಿಸಿಕೊಂಡವನೇ ದಾರಿಯಲ್ಲಿ ಬಿದ್ದವನ ಬಳಿ ನಿಂತ. ನಮ್ಮ ತೊಪ್ಪೂರು ಘಾಟಿಯಲ್ಲಿ ಲಾರಿ ಮಗುಚಿದಾಗ ಓಡಿಹೋಗುವವರು ಗಾಯಾಳುವಿನ ಭಾಷೆ ಕೇಳುವುದಿಲ್ಲ. ರಸ್ತೆಯಲ್ಲಿ ಬಾರದ ಪ್ರಶ್ನೆ ಕಬಡ್ಡಿ ಅಂಕಣದಲ್ಲಿ ಯಾಕೆ ಬರಬೇಕು?

ಆದ್ದರಿಂದ ನಮ್ಮ ಸಲಹೆ ಇಷ್ಟು. ತಂಡ ಧರ್ಮಕೇಂದ್ರದ ಹೆಸರಲ್ಲಿರಲಿ. ಈ ಎಲ್ಲೆಯೊಳಗೆ ಬಾಳುವ ಯಾರೇ ಆಗಲಿ, ನಿನ್ನೆ ಮೊನ್ನೆ ಬಂದವರೂ ಸೇರಿ, ಆಡಲಿ. ಕನ್ನಡ ಗಾಯನದ ಅಭ್ಯಾಸದ ಹೊತ್ತನ್ನು ಮಾತ್ರ ಯಾವ ಪಂದ್ಯಕ್ಕೂ ಬಿಟ್ಟುಕೊಡುವುದು ಬೇಡ. ಒಪ್ಪದವರು ಇರಬಹುದು. ಭಾನುವಾರ ಪೂಜೆ ಮುಗಿದ ಮೇಲೆ ಬನ್ನಿ, ಮಾತಾಡೋಣ.