ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಇಸ್ರಾಫ್

ದುಂದು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಮದುವೆಯ ಚಪ್ಪರ ಮತ್ತು ಎಲೆಯಲ್ಲಿ ಉಳಿದ ಅನ್ನ. ಆದರೆ ಇಸ್ರಾಫ್ ಎಂದರೆ ಮಿತಿಯನ್ನು ಮೀರುವುದು. ವುಝೂ ಮಾಡುತ್ತಿದ್ದ ಹಝ್ರತ್ ಸಅದ್(ರ)ರನ್ನು ಕಂಡು ಪ್ರವಾದಿವರ್ಯರು(ಸ) ನೀರಿನ ದುಂದನ್ನು ಆಕ್ಷೇಪಿಸಿದರೆಂದೂ ಹರಿಯುವ ಹೊಳೆಯ ದಡದಲ್ಲಿದ್ದರೂ ಅದು ದುಂದೇ ಎಂದು ತಿಳಿಸಿದರೆಂದೂ ವರದಿಯಾಗಿದೆ. ವುಝೂ ಶುದ್ಧಿಗಾಗಿಯೇ ಇರುವ ಕರ್ಮ. ಶುದ್ಧಿಗೂ ಒಂದು ಮಿತಿಯಿದೆ ಎಂದಾದರೆ ಆ ಮಿತಿ ಆಸ್ಪತ್ರೆಯ ಶುದ್ಧಿಗೆ ಅನ್ವಯಿಸುವುದಿಲ್ಲವೇ?

ಮುಸ್ಲಿಮ್ ಕುಟುಂಬಗಳೆಲ್ಲ ಬಲ್ಲ ಒಂದು ಸಣ್ಣ ಶಸ್ತ್ರಚಿಕಿತ್ಸೆಯಿದೆ. ಅದು ಖತ್ನಾ, ನಮ್ಮ ಕಡೆಯ ಮಾತಿನಲ್ಲಿ ಮುಂಜಿ. ಹಿಂದೆ ಮನೆಯಲ್ಲೇ ಕ್ಷೌರಿಕರ ಕೈಯಿಂದ ನಡೆಯುತ್ತಿದ್ದ ಇದನ್ನು ಈಗ ಹೆಚ್ಚಿನವರು ವೈದ್ಯರಿಂದ ಮಾಡಿಸುತ್ತಾರೆ. ಇದು ಸ್ವಾಗತಾರ್ಹ. ಮಗು ಅಂದೇ ಮನೆಗೆ ಮರಳುತ್ತದೆ. ಆದರೆ ಅದು ಹೊರಟ ಮೇಲೆ ಕೋಣೆಯ ಬುಟ್ಟಿಯನ್ನು ನೋಡಬೇಕು. ಎರಡು ತುಂಡು ಬೇಕಿದ್ದಲ್ಲಿ ಒಡೆದ ಇಡೀ ಕಟ್ಟು ಗಾಜ್ ಬಟ್ಟೆ, ಒಮ್ಮೆ ಹಾಸಿ ಎಸೆದ ಹೊದಿಕೆ, ಕೈಗವಸು, ಪ್ಲಾಸ್ಟಿಕ್ ಕವರುಗಳು. ಬಳಸಿದ್ದರ ಜೊತೆಗೆ ಬಳಸದೆ ಎಸೆದದ್ದರ ಬೆಲೆಯನ್ನೂ ತೆರುವವನು ರೋಗಿಯೇ. ಕಾಡಂಚಿನ ಎನ್. ಬೇಗೂರಿನಿಂದ ಎಚ್.ಡಿ. ಕೋಟೆಗೋ ಮೈಸೂರಿಗೋ ಬಸ್ಸು ಹತ್ತುವ ಕೂಲಿಕಾರನಿಗೆ ಆ ದಿನದ ಕೂಲಿಯೂ ಹೋಗಿರುತ್ತದೆ. ತಾನಾಗಿ ಕರಗುವ ದಾರದಿಂದ ಹೊಲಿಗೆ ಹಾಕಿದರೆ ಅದನ್ನು ಬಿಚ್ಚಿಸಲೆಂದೇ ಇನ್ನೊಮ್ಮೆ ಬರುವ ಖರ್ಚು ಅವನಿಗೆ ತಪ್ಪುತ್ತದೆ.

ರೋಗಿಯ ಸುರಕ್ಷತೆಗೆ ಇದೆಲ್ಲ ಬೇಡವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮಣಿಕಟ್ಟಿನಲ್ಲಿ ಒತ್ತಿಹೋದ ನರವನ್ನು ಬಿಡಿಸುವ ಚಿಕಿತ್ಸೆಯನ್ನು ಕೆನಡಾದ ವೈದ್ಯರು ದೊಡ್ಡ ಆಪರೇಷನ್ ಥಿಯೇಟರಿನ ಬದಲು ಸಣ್ಣ ಕೋಣೆಯಲ್ಲಿ, ಮಿತವಾದ ಹೊದಿಕೆಯೊಂದಿಗೆ ಮಾಡಿ ನೋಡಿದರು. 2011ರಲ್ಲಿ ಪ್ರಕಟವಾದ ಅವರ ವರದಿಯಂತೆ 1504 ರೋಗಿಗಳಲ್ಲಿ ಮೇಲ್ಮೈಯ ಸೋಂಕು ತಗಲಿದ್ದು ಕೇವಲ 6 ಮಂದಿಗೆ, ಆಳದ ಸೋಂಕು ಯಾರಿಗೂ ಇಲ್ಲ. ನಮ್ಮ ನೆರೆಯ ಮದುರೈಯಲ್ಲಿ 1976ರಲ್ಲಿ ಆರಂಭವಾದ ಅರವಿಂದ ಕಣ್ಣಾಸ್ಪತ್ರೆಯಲ್ಲಿ ಉಪಕರಣಗಳನ್ನು ಹಬೆಯಲ್ಲಿ ಕ್ರಿಮಿಶುದ್ಧಗೊಳಿಸಿ ಮತ್ತೆ ಮತ್ತೆ ಬಳಸುತ್ತಾರೆ. ಅಲ್ಲಿ ಒಂದು ಪೊರೆ ಚಿಕಿತ್ಸೆಯಿಂದ ವಾತಾವರಣ ಸೇರುವ ಇಂಗಾಲವು ಬ್ರಿಟನ್ನಿನ ಅಂತಹದೇ ಚಿಕಿತ್ಸೆಯ ಸುಮಾರು 20ರಲ್ಲಿ ಒಂದು ಭಾಗ ಮಾತ್ರವೆಂದು 2017ರ ಅಧ್ಯಯನವೊಂದು ತೋರಿಸಿತು. ಹೆಚ್ಚು ಎಸೆಯುವುದೇ ಹೆಚ್ಚು ಸುರಕ್ಷತೆಯಲ್ಲ.

ಆದರೆ ಈ ಮಾತನ್ನು ಜಿಪುಣತನಕ್ಕೆ ನೆಪ ಮಾಡಿಕೊಳ್ಳಬಾರದು. ಒಬ್ಬನಿಗೆ ಚುಚ್ಚಿದ ಸೂಜಿ, ಒಬ್ಬನಿಗೆ ಬಳಸಿದ ಬ್ಲೇಡು ಇನ್ನೊಬ್ಬನನ್ನು ಮುಟ್ಟಲೇಬಾರದು. ಕತ್ತರಿ, ಚಿಮಟಗಳನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದರೆ ಸಾಲದು, ಆಟೋಕ್ಲೇವ್ ಯಂತ್ರದ ಒತ್ತಡದ ಹಬೆಯಲ್ಲೇ ಶುದ್ಧಗೊಳಿಸಬೇಕು. ಇಲ್ಲಿ ಉಳಿಸಿದ ಹಣವು ಕಾಮಾಲೆಯಾಗಿ, ಏಡ್ಸ್ ಆಗಿ ಮರಳೀತು. ತಾನೂ ಹಾನಿಗೊಳಗಾಗಬಾರದು, ಇತರರಿಗೂ ಹಾನಿ ಮಾಡಬಾರದು ಎಂಬುದು ಇಸ್ಲಾಮಿನ ಮೂಲ ನಿಯಮ. ಅನಿವಾರ್ಯತೆಯನ್ನು ಅದರ ಅಳತೆಯಷ್ಟಕ್ಕೇ ಸೀಮಿತಗೊಳಿಸಬೇಕು ಎಂಬುದು ಫಿಕ್‌ಹ್ ವಿದ್ವಾಂಸರ ಸೂತ್ರ. ರೋಗಿಯ ಕ್ಷೇಮವೇ ಇಲ್ಲಿಯ ಅಳತೆ. ಅದಕ್ಕಿಂತ ಕಡಿಮೆ ಮಾಡುವುದು ಅನ್ಯಾಯ, ಮೀರಿದ್ದು ಇಸ್ರಾಫ್.

ಎಸೆದದ್ದು ಎಲ್ಲಿ ಹೋಗುತ್ತದೆ ಎಂಬುದೂ ಧರ್ಮದ ಪ್ರಶ್ನೆಯೇ. ಆಸ್ಪತ್ರೆಯ ಕಸದಲ್ಲಿ ಸುಮಾರು ಶೇಕಡಾ 85ರಷ್ಟು ಮನೆಯ ಕಸದಂತಹದೇ, ಅಪಾಯಕಾರಿಯಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಟ್ಟು, ಕಾಗದಗಳನ್ನು ರಕ್ತದ ಬಟ್ಟೆಯ ಹಳದಿ ಚೀಲಕ್ಕೆ ತುರುಕಿದರೆ ಅವನ್ನೂ ಅಪಾಯಕಾರಿ ಕಸದ ಖರ್ಚಿನಲ್ಲೇ ಸುಡಬೇಕಾಗುತ್ತದೆ. 2016ರ ಸರಕಾರಿ ನಿಯಮಗಳ ಪ್ರಕಾರ ಸೂಜಿ, ಬ್ಲೇಡುಗಳು ಚುಚ್ಚಿ ಹೊರಬಾರದಂತಹ ಬಿಳಿ ಡಬ್ಬಿ ಸೇರಬೇಕು. ಅವು ತಿಪ್ಪೆಗೆ ಬಿದ್ದರೆ ಚಿಂದಿ ಆಯುವ ಮಗುವಿನ ಬೆರಳಿಗೆ, ಪೌರಕಾರ್ಮಿಕರ ಕೈಗೆ ಚುಚ್ಚುತ್ತವೆ. ದಾರಿಯಲ್ಲಿರುವ ಹಾನಿಕಾರಕ ವಸ್ತುವನ್ನು ಸರಿಸುವುದು ಸತ್ಯವಿಶ್ವಾಸದ ಒಂದು ಶಾಖೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಹಾಗಿರುವಾಗ ಅದನ್ನು ದಾರಿಗೆ ಹಾಕುವವನ ವಿಶ್ವಾಸದ ಬಗ್ಗೆ ಏನೆನ್ನಬೇಕು?

ವೈದ್ಯರು ಕಟ್ಟು ಒಡೆಯುವ ಮುನ್ನ ಇದು ಬೇಕೇ ಎಂದು ಒಂದು ಕ್ಷಣ ಯೋಚಿಸಲಿ. ಹೆತ್ತವರು ದೊಡ್ಡ ಬಿಲ್ಲನ್ನೇ ಒಳ್ಳೆಯ ಚಿಕಿತ್ಸೆಯೆಂದು ಭಾವಿಸದಿರಲಿ. ಮುಂಜಿಯ ಔತಣಕ್ಕೆ ಸುರಿಯುವ ಹಣದಲ್ಲಿ ಒಬ್ಬ ಬಡವನ ಮಗುವಿನ ಚಿಕಿತ್ಸೆ ನಡೆಯಲಿ. ಸಂಪತ್ತಿನಂತೆ ಭೂಮಿಯೂ ನಮ್ಮ ಕೈಯಲ್ಲಿರುವ ಅಮಾನತ್ತು. ಎರಡರ ಲೆಕ್ಕವನ್ನೂ ನಾಳೆ ಒಪ್ಪಿಸಬೇಕಾಗಿದೆ. ಮಿತಿಯನ್ನು ಅರಿತು ನಡೆಯುವ ವಿವೇಕವನ್ನು ಅಲ್ಲಾಹನು ನಮಗೆ ದಯಪಾಲಿಸಲಿ.