ದಾಸೋಹದ ಒರೆಗಲ್ಲು

ಅಹಂಭಾವವಳಿದ ಸೇವೆಯೇ ದಾಸೋಹ. ಮನೆಯಲ್ಲಿ ಕ್ಯಾನ್ಸರ್ ರೋಗಿಯನ್ನು ಉಪಚರಿಸುವವರಿಗೂ ಇದೇ ಒರೆಗಲ್ಲು. ಸೇವೆಯ ಗುಣವನ್ನು ನಮ್ಮ ಬಳಲಿಕೆಯಿಂದಳೆಯದೆ ರೋಗಿಯ ನೆಮ್ಮದಿಯಿಂದ ಅಳೆಯಬೇಕು.

ನೋವು ಕೆರಳುವವರೆಗೆ ಕಾಯದೆ, ಗಡಿಯಾರ ನೋಡಿ ಹೊತ್ತುಹೊತ್ತಿಗೆ ಔಷಧ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿಯೇ ತಿಳಿಸಿತು. ಆದರೂ ಚಟವಾದೀತೆಂದು ಅಂಜಿ, ವೈದ್ಯರು ಬರೆದುಕೊಟ್ಟ ಮಾರ್ಫಿನ್ ಮಾತ್ರೆಯನ್ನು ಕಪಾಟಿನಲ್ಲಿಡುವವರುಂಟು. ಕರ್ಮ ಸವೆಯಲೆಂದು ಸುಮ್ಮನಿರುವವರೂ ಉಂಟು. ಪರರ ನರಳಾಟದ ಮೇಲೆ ನಮ್ಮ ನಂಬಿಕೆಯನ್ನು ಹೇರಲು ನಾವಾರು?

ಮಗ್ಗುಲು ಬದಲಿಸುವುದು, ಒಣಗಿದ ತುಟಿಯನ್ನು ತೇವಗೊಳಿಸುವುದು, ಮಾರ್ಫಿನ್ನಿನಿಂದಾಗುವ ಮಲಬದ್ಧತೆಗೆ ಮೊದಲೇ ಮದ್ದು ಕೇಳುವುದು, ಇವೆಲ್ಲ ಕಲಿತು ಮಾಡಬೇಕಾದ ಕಾಯಕ. ಬೆಂಗಳೂರಿನ ಕರುಣಾಶ್ರಯದಂತಹ ಸಂಸ್ಥೆಗಳ ದಾದಿಯರು ಮನೆಗೇ ಬಂದು ನೆರವಾಗುತ್ತಾರೆ. ಅರಿವಿಲ್ಲದ ಭಕ್ತಿ ಸಾಲದು. ಹಾಸಿಗೆಯ ಬಳಿ ಕುಳಿತು, "ನೋವು ಎಷ್ಟಿದೆ? ಏನು ಬೇಕು?" ಎಂದು ಕೇಳಿರಿ. ಆ ಉತ್ತರದಂತೆ ನಡೆಯುವುದೇ ದಾಸೋಹ.